ದಪ್ಪ ಮಕ್ಕಳಿಗೆಲ್ಲ ಗ್ರಂಥಿ ದೋಷವೇ? ಅಳತೆಪಟ್ಟಿ ಹಿಡಿದು ಉತ್ತರ ಹುಡುಕಿದ ಹಿಲ್ಡೆ ಬ್ರುಕ್

ಮಗು ಸ್ವಲ್ಪ ದಪ್ಪಗಾದರೆ ಸಾಕು, ಸಲಹೆಗೆ ಬರವಿಲ್ಲ. ಥೈರಾಯ್ಡ್ ಚೆಕ್ ಮಾಡಿಸಿ ಅಂತ ಒಬ್ಬರು, ಹಾರ್ಮೋನ್ ಏರುಪೇರು ಇರಬೇಕು ಅಂತ ಇನ್ನೊಬ್ಬರು, ಅಮ್ಮನೇ ಅತಿಯಾಗಿ ತಿನ್ನಿಸಿ ಹಾಳುಮಾಡಿದ್ದು ಅಂತ ಮೂರನೆಯವರು. ಅದೇ ಮನೆಯ ಹದಿನೈದರ ಹುಡುಗಿ ಊಟ ಬಿಟ್ಟು ಕಡ್ಡಿಯಂತಾದರೆ ಮಾತ್ರ ಮೊದಮೊದಲು ಎಲ್ಲರೂ ಅವಳ ಶಿಸ್ತನ್ನು ಹೊಗಳುತ್ತಾರೆ. ತಲೆಸುತ್ತಿ ಬಿದ್ದ ದಿನವೇ ಮನೆಯವರಿಗೆ ಭಯ ಹುಟ್ಟುವುದು.

ಈ ಮಾತುಗಳು ವಾಟ್ಸಾಪ್ ಹುಟ್ಟುವುದಕ್ಕೆ ಮುಂಚಿನಿಂದಲೂ ಓಡಾಡುತ್ತಿವೆ. ಗ್ರಂಥಿಯ ಮಾತನ್ನು ಅಳತೆಪಟ್ಟಿ ಹಿಡಿದು ಪರೀಕ್ಷಿಸಿ ಬಹುಪಾಲು ಸುಳ್ಳೆಂದು ತೋರಿಸಿದ್ದು ಒಬ್ಬ ವೈದ್ಯೆ. ಊಟ ಬಿಟ್ಟ ಹುಡುಗಿಯದು ಶಿಸ್ತಲ್ಲ, ಕಾಯಿಲೆ ಅಂತ ಲೋಕಕ್ಕೆ ಬಿಡಿಸಿ ಹೇಳಿದ್ದೂ ಅವರೇ. ಅಮ್ಮನದೇ ತಪ್ಪು ಎಂಬ ಮಾತಿಗೆ ವೈದ್ಯಕೀಯದ ಮುದ್ರೆ ಒತ್ತಿದವರಲ್ಲೂ ಅವರೇ ಮುಖ್ಯರು. ಹೆಸರು ಹಿಲ್ಡೆ ಬ್ರುಕ್. ಅವರು ತೀರಿಕೊಂಡು 4 ದಶಕಗಳಾದವು. ಬೊಜ್ಜು ಮತ್ತು ಊಟದ ಮನೋರೋಗಗಳ ಬಗ್ಗೆ ಓದುವ ವೈದ್ಯರಿಗೆ ಇವತ್ತಿಗೂ ಅವರ ಹೆಸರು ಗೊತ್ತು. ಮನೆ ಮನೆಗೆ ಗೊತ್ತಿರಬೇಕಾದ ಹೆಸರು ಅಂತ ನಮಗನಿಸುತ್ತದೆ.

ಗಣಿತ ಬೇಕು ಎಂದ ಹುಡುಗಿ

ಹಿಲ್ಡೆ ಹುಟ್ಟಿದ್ದು 1904ರ ಮಾರ್ಚ್ 11ರಂದು, ಜರ್ಮನಿಯ ಡ್ಯುಲ್ಕೆನ್ ಎಂಬ ಪುಟ್ಟ ಪಟ್ಟಣದಲ್ಲಿ. ಡಚ್ ಗಡಿ ಅಲ್ಲಿಂದ ಹತ್ತಿರ. ಏಳು ಮಕ್ಕಳಿದ್ದ ಯಹೂದಿ ಕುಟುಂಬ. ಹುಡುಗಿಗೆ ಗಣಿತವೆಂದರೆ ಪ್ರಾಣ, ಅದನ್ನೇ ಓದಬೇಕೆಂಬ ಆಸೆ. ಆದರೆ ಯಹೂದಿ ಹೆಣ್ಣುಮಗಳಿಗೆ ಗಣಿತದಿಂದ ಕೆಲಸ ಸಿಗುವುದು ಕಷ್ಟ, ವೈದ್ಯಕೀಯವಾದರೆ ಹೊಟ್ಟೆಪಾಡಿಗೆ ದಾರಿಯಾಗುತ್ತದೆ ಎಂದು ಮನೆಯ ಹಿರಿಯರೊಬ್ಬರು ತಿಳಿಹೇಳಿದರು. ಹಿಲ್ಡೆ ಒಪ್ಪಿಕೊಂಡರು. 1929ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಡಾಕ್ಟರೇಟ್ ಪಡೆದರು. ಗಣಿತದ ಹುಚ್ಚು ಮಾತ್ರ ಬಿಡಲಿಲ್ಲ ಎಂದು ಕಾಣುತ್ತದೆ. ಮುಂದೆ ಅವರು ಗೆದ್ದ ಮೊದಲ ವಾದ ಗೆದ್ದದ್ದೇ ಅಂಕಿಗಳಿಂದ.

ಕೀಲ್, ಲೈಪ್‌ಜಿಗ್ ಊರುಗಳಲ್ಲಿ ಮಕ್ಕಳ ವೈದ್ಯಕೀಯದ ತರಬೇತಿ ಮುಗಿಯಿತು. ವಿಶ್ವವಿದ್ಯಾಲಯದಲ್ಲೇ ಉಳಿದು ಸಂಶೋಧನೆ ಮಾಡುವ ಮನಸ್ಸಿತ್ತು. ಆದರೆ ಅಲ್ಲಿ ಯಹೂದಿ ದ್ವೇಷ ದಿನದಿನಕ್ಕೂ ಏರುತ್ತಿತ್ತು. ಕೈಬಿಟ್ಟು ಡ್ಯುಸೆಲ್‌ಡಾರ್ಫ್ ಪಕ್ಕದ ರಾಟಿಂಗೆನ್‌ನಲ್ಲಿ ಸ್ವಂತ ಕ್ಲಿನಿಕ್ ತೆರೆದರು. ಅದೂ ಬಹಳ ದಿನ ನಡೆಯಲಿಲ್ಲ. ಹಿಟ್ಲರ್ ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ, 1933ರ ಏಪ್ರಿಲ್ 1ರಂದು, ಯಹೂದಿ ಅಂಗಡಿ, ವಕೀಲರು, ವೈದ್ಯರಿಗೆ ದೇಶವ್ಯಾಪಿ ಬಹಿಷ್ಕಾರ ಹಾಕಲಾಯಿತು. ಅದೇ ವರ್ಷ ಹಿಲ್ಡೆ ಇಂಗ್ಲೆಂಡಿಗೆ ಹೊರಟರು. ಲಂಡನ್ನಿನ ಬಡವರ ಬಡಾವಣೆ ಈಸ್ಟ್ ಎಂಡ್‌ನ ಹೆರಿಗೆ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿದು, 1934ರಲ್ಲಿ ನ್ಯೂಯಾರ್ಕ್‌ಗೆ ಹಡಗು ಹತ್ತಿದರು. ಆಗ ವಯಸ್ಸು ಮೂವತ್ತು.

ನ್ಯೂಯಾರ್ಕ್‌ನಲ್ಲಿ ಕಂಡ ವಿಚಿತ್ರ

ಅಲ್ಲಿ ಬೇಬೀಸ್ ಹಾಸ್ಪಿಟಲ್‌ನಲ್ಲಿ ಕೆಲಸ ಸಿಕ್ಕಿತು. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಮಕ್ಕಳ ಆಸ್ಪತ್ರೆ ಅದು. ಹೊಸ ದೇಶದಲ್ಲಿ ಅವರ ಕಣ್ಣಿಗೆ ಮೊದಲು ಬಿದ್ದ ಸಂಗತಿಗಳಲ್ಲೊಂದು, ದಪ್ಪ ಮಕ್ಕಳು. ಆಸ್ಪತ್ರೆಯಲ್ಲಷ್ಟೇ ಅಲ್ಲ, ಬೀದಿಯಲ್ಲಿ, ಸುರಂಗ ರೈಲಿನಲ್ಲಿ, ಶಾಲೆಗಳಲ್ಲಿ. ಜರ್ಮನಿಯಲ್ಲಿ ಇಷ್ಟು ದಪ್ಪ ಮಕ್ಕಳನ್ನು ಅವರು ಕಂಡಿರಲಿಲ್ಲ.

ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಿ. 1934 ಅಂದರೆ ಅಮೆರಿಕದ ಮಹಾ ಆರ್ಥಿಕ ಕುಸಿತದ ಮಧ್ಯಭಾಗ. ಉಚಿತ ಸೂಪು, ಬ್ರೆಡ್ಡಿಗೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆಸ್ಪತ್ರೆಗೆ ಬರುತ್ತಿದ್ದ ದಪ್ಪ ಮಕ್ಕಳಲ್ಲಿ ಅನೇಕರು ಬಡ ವಲಸಿಗರ ಮನೆಯವರು. ಬೊಜ್ಜು ಶ್ರೀಮಂತರ ರೋಗ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ತೊಂಬತ್ತು ವರ್ಷಗಳ ಹಿಂದಿನ ಆ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲೇ ಅದು ಪೂರ್ತಿ ನಿಜವಲ್ಲ ಎಂದು ಕಾಣುತ್ತಿತ್ತು.

ಈ ಮಕ್ಕಳಿಗೆ ವೈದ್ಯರು ಆಗ ಅಂಟಿಸುತ್ತಿದ್ದ ಹಣೆಪಟ್ಟಿ ಫ್ರೋಲಿಷ್ ಸಿಂಡ್ರೋಮ್. ಅದರ ಮೂಲ ಹೀಗಿದೆ: 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಷ್ ಎಂಬ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದರು. ಅವನ ಮಿದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ಜಾಗದಲ್ಲಿ, ಗಡ್ಡೆಯಿತ್ತು. ಹುಡುಗ ದಪ್ಪಗಾಗುತ್ತ ಹೋದ, ಹರೆಯದ ಬೆಳವಣಿಗೆ ನಿಂತುಹೋಯಿತು. ಇದು ನಿಜವಾದ, ತೀರಾ ಅಪರೂಪದ ಕಾಯಿಲೆ. ಎಡವಟ್ಟಾದದ್ದು ಆಮೇಲೆ. ಗಡ್ಡೆ ಇರಲಿ ಬಿಡಲಿ, ದಪ್ಪಗಿರುವ ಹುಡುಗರಿಗೆಲ್ಲ ವೈದ್ಯರು ಇದೇ ಹೆಸರು ಕೊಡತೊಡಗಿದರು. ದಪ್ಪ ಹುಡುಗರ ಜನನಾಂಗ ಸುತ್ತಲಿನ ಕೊಬ್ಬಿನಲ್ಲಿ ಹುದುಗಿ ಚಿಕ್ಕದಾಗಿ ಕಾಣುತ್ತದೆ. ಅದನ್ನು ನೋಡಿಯೇ ಗ್ರಂಥಿ ಕೆಟ್ಟಿದೆ ಎಂಬ ತೀರ್ಮಾನ. ಚಿಕಿತ್ಸೆ ಪ್ರಾಣಿಗಳ ಗ್ರಂಥಿಯಿಂದ ತೆಗೆದ ಸಾರ. ಪಾಪ, ಆ ಮಕ್ಕಳು ತಿಂಗಳುಗಟ್ಟಲೆ ಆ ಚಿಕಿತ್ಸೆಗೆ ಓಡಾಡಬೇಕಿತ್ತು.

1937ರ ಹೊತ್ತಿಗೆ ಹಿಲ್ಡೆ ಈ ಮಕ್ಕಳ ಅಧ್ಯಯನಕ್ಕೇ ಕುಳಿತರು. ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ಎತ್ತರ ಅಳೆದರು, ತೂಕ ನೋಡಿದರು, ಎಕ್ಸ್‌ರೇ ತೆಗೆಸಿ ಮೂಳೆ ಎಷ್ಟು ಬಲಿತಿದೆ ಎಂದು ನೋಡಿದರು, ಹರೆಯದ ಲಕ್ಷಣಗಳು ಯಾವ ವಯಸ್ಸಿಗೆ ಬಂದವು ಎಂದು ಬರೆದಿಟ್ಟರು, ವಿಶ್ರಾಂತಿಯಲ್ಲಿರುವಾಗ ದೇಹ ಎಷ್ಟು ಶಕ್ತಿ ಸುಡುತ್ತದೆ ಎಂದು ಅಳೆದರು.

ಗ್ರಂಥಿ ಕೆಟ್ಟಿದ್ದರೆ ಮಕ್ಕಳು ಕುಳ್ಳಗಿರಬೇಕಿತ್ತು, ಮೂಳೆ ಎಳೆಯದಿರಬೇಕಿತ್ತು, ಹರೆಯ ತಡವಾಗಬೇಕಿತ್ತು. ಸಿಕ್ಕಿದ್ದು ತದ್ವಿರುದ್ಧ. ಹೆಚ್ಚಿನ ದಪ್ಪ ಮಕ್ಕಳು ಓರಗೆಯವರಿಗಿಂತ ಎತ್ತರವಾಗಿದ್ದರು. ಮೂಳೆ ವಯಸ್ಸಿಗಿಂತ ಮುಂದಿತ್ತು. ಹರೆಯ ಸಕಾಲಕ್ಕೆ, ಕೆಲವರಲ್ಲಿ ಸ್ವಲ್ಪ ಬೇಗನೇ, ಬಂದಿತ್ತು. ದೇಹ ಶಕ್ತಿ ಸುಡುವ ವೇಗವೂ ಕುಂಟುತ್ತಿರಲಿಲ್ಲ. 1939ರಿಂದ ಒಂದರ ಹಿಂದೊಂದರಂತೆ ಪ್ರಬಂಧಗಳು ಪ್ರಕಟವಾದವು. ಕಂಡಕಂಡ ದಪ್ಪ ಮಗುವಿಗೆ ಫ್ರೋಲಿಷ್ ಎನ್ನುವ ರೂಢಿಯ ಬೇರು ಅಲ್ಲಾಡಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ನಿಮ್ಮ ಮನೆಗೆ ನೇರವಾಗಿ ಉಪಯೋಗವಾಗುವ ವಿಷಯ ಇದು. ದಪ್ಪಗಿರುವ ಮಗು ವಯಸ್ಸಿಗೆ ತಕ್ಕಂತೆ ಚೆನ್ನಾಗಿ ಎತ್ತರ ಬೆಳೆಯುತ್ತಿದ್ದರೆ ಗ್ರಂಥಿಯ ಕಾಯಿಲೆ ಇರುವ ಸಾಧ್ಯತೆ ಬಹಳ ಕಡಿಮೆ. ತೂಕ ಏರುತ್ತಿದೆ, ಆದರೆ ಎತ್ತರ ನಿಂತೇ ಹೋಗಿದೆ ಎಂದಾದರೆ ಮಾತ್ರ ವೈದ್ಯರ ಹುಬ್ಬು ಏರುತ್ತದೆ. ಥೈರಾಯ್ಡ್ ಕೊರತೆ, ಕಾರ್ಟಿಸಾಲ್ ಹೆಚ್ಚಳ, ಬಹಳ ದಿನ ಸ್ಟೀರಾಯ್ಡ್ ಮಾತ್ರೆ ತಿಂದ ಪರಿಣಾಮ, ಇವನ್ನೆಲ್ಲ ಆಗ ಹುಡುಕುತ್ತಾರೆ. ಶಾಲೆಯ ಹಳೆಯ ಎತ್ತರ-ತೂಕದ ದಾಖಲೆ ಇದ್ದರೆ ವೈದ್ಯರಿಗೆ ತೋರಿಸಿ, ಎಷ್ಟೋ ಸಲ ಅದು ದುಬಾರಿ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ. ದಪ್ಪ ಮಕ್ಕಳ ರಕ್ತದಲ್ಲಿ ಟಿಎಸ್‌ಎಚ್ ತುಸು ಹೆಚ್ಚಿರುವುದು ಸಾಮಾನ್ಯ. ಬಹಳಷ್ಟು ಮಕ್ಕಳಲ್ಲಿ ಅದು ತೂಕದ ಪರಿಣಾಮ, ಕಾರಣವಲ್ಲ. ತೂಕ ಇಳಿದರೆ ಅದೂ ಇಳಿಯುತ್ತದೆ. ನಿಜವಾದ ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲೂ ಬಹುಪಾಲು ಉಪ್ಪು ಮತ್ತು ನೀರು.

ಹಸಿವನ್ನೂ ಕಲಿಯಬೇಕೆ?

ಗ್ರಂಥಿ ಅಲ್ಲ ಎಂದಾದರೆ ಮತ್ತೇನು? ಸುಲಭದ ಉತ್ತರ ಕೈಯಲ್ಲೇ ಇತ್ತು: ಹೆಚ್ಚು ತಿನ್ನುತ್ತಾರೆ, ಕಡಿಮೆ ಆಡುತ್ತಾರೆ. ಹಿಲ್ಡೆ ಅದನ್ನೂ ದಾಖಲಿಸಿದರು. ಆದರೆ ಅಷ್ಟಕ್ಕೇ ಫೈಲು ಮುಚ್ಚಲಿಲ್ಲ. ಮಗು ಹೆಚ್ಚು ತಿನ್ನುತ್ತದೆ ಎನ್ನುವುದು ಉತ್ತರವಲ್ಲ, ಏಕೆ ತಿನ್ನುತ್ತದೆ ಎಂಬ ಪ್ರಶ್ನೆಯ ಆರಂಭ ಎಂಬುದು ಅವರ ನಿಲುವು. ಅವರನ್ನು ಉಳಿದವರಿಂದ ಬೇರೆ ಮಾಡಿದ್ದು ಇದೇ ಎಂದು ನಮಗನಿಸುತ್ತದೆ.

ಗ್ರೇಸ್ ಟೂರೇನ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಮಕ್ಕಳ ಮನೆಯ ವಾತಾವರಣವನ್ನೇ ಅಧ್ಯಯನ ಮಾಡಿದರು. 1940ರಲ್ಲಿ ಇಬ್ಬರೂ ಬರೆದ ಪ್ರಬಂಧ ಹೆಸರಾಯಿತು. ಕಂಡದ್ದು ಇಷ್ಟು: ಬಡತನ, ಹಸಿವು, ವಲಸೆಯ ಅಭದ್ರತೆಗಳನ್ನು ಉಂಡ ತಾಯಂದಿರು. ತಾವು ಕಾಣದ ತುತ್ತನ್ನು ಮಗುವಿಗೆ ಉಣಿಸುವುದೇ ಅವರಿಗೆ ಪ್ರೀತಿ. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೂ ಕೈಯಾರೆ ತಿನ್ನಿಸುವುದು, ಬಟ್ಟೆ ಹಾಕುವುದು, ಬಿದ್ದಾರೆಂಬ ಭಯಕ್ಕೆ ಹೊರಗೆ ಆಡಲು ಬಿಡದಿರುವುದು. ತಿಂಡಿಗೆ ಕೊರತೆಯಿಲ್ಲ, ಮಗುವಿನ ಮನಸ್ಸಿನಲ್ಲೇನಿದೆ ಎಂದು ಕೇಳುವವರಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಮಕ್ಕಳ ವೈದ್ಯಕೀಯ ಸಾಲದು ಎಂದು ಹಿಲ್ಡೆಗೆ ಅನಿಸಿತು. 1941ರಿಂದ 1943ರವರೆಗೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮನೋವೈದ್ಯಕೀಯ ಓದಿದರು. ಮನೋವಿಶ್ಲೇಷಣೆಯ ತರಬೇತಿಯಲ್ಲಿ ಅವರಿಗೆ ದಾರಿ ತೋರಿಸಿದವರು ಫ್ರೀಡಾ ಫ್ರೋಮ್-ರೈಖ್‌ಮನ್. ಅವರೂ ಜರ್ಮನಿ ಬಿಟ್ಟು ಬಂದ ಯಹೂದಿ ವೈದ್ಯೆಯೇ. ನಲವತ್ತರ ಅಂಚಿನಲ್ಲಿ ಹೀಗೆ ಮತ್ತೆ ವಿದ್ಯಾರ್ಥಿಯಾಗಿ ಕೂರುವುದು ಸಣ್ಣ ಮಾತಲ್ಲ.

ಅಲ್ಲಿಂದ ಮುಂದೆ ಅವರು ಕಟ್ಟಿದ ವಾದ ಹೀಗಿದೆ. ಹಸಿವು ಹುಟ್ಟಿನಿಂದ ಬರುತ್ತದೆ ನಿಜ, ಆದರೆ ಇದು ಹಸಿವು ಎಂದು ಗುರುತಿಸುವುದನ್ನು ಮಗು ಕಲಿಯಬೇಕು. ಎಳೆಗೂಸು ಅಳುವುದು ಹಸಿವಿಗೊಂದೇ ಅಲ್ಲ. ಬಟ್ಟೆ ಒದ್ದೆಯಾಗಿದೆ, ಚಳಿಯಾಗುತ್ತಿದೆ, ಹೊಟ್ಟೆ ನೋವು, ಎತ್ತಿಕೊಳ್ಳಲಿ ಎಂಬ ಆಸೆ, ಎಲ್ಲಕ್ಕೂ ಅದಕ್ಕಿರುವುದು ಒಂದೇ ಭಾಷೆ. ಹಸಿದಾಗ ಹಾಲು, ಒದ್ದೆಯಾದಾಗ ಒಣ ಬಟ್ಟೆ, ಹೆದರಿದಾಗ ಮಡಿಲು ಸಿಕ್ಕರೆ ಮಗು ಒಂದೊಂದು ಸಂಕಟವನ್ನೂ ಬೇರೆ ಬೇರೆಯಾಗಿ ಗುರುತಿಸಲು ಕಲಿಯುತ್ತದೆ. ಎಲ್ಲ ಅಳುವಿಗೂ ಹಾಲೇ ಉತ್ತರವಾದರೆ? ಅಥವಾ ಅಮ್ಮನ ಗಡಿಯಾರಕ್ಕೆ ತಕ್ಕಂತೆ ಊಟವಾಗಿ, ಮಗುವಿನ ಸೂಚನೆಗೆ ಬೆಲೆಯೇ ಇಲ್ಲದಿದ್ದರೆ? ಆ ಮಗು ದೊಡ್ಡದಾದ ಮೇಲೂ ಬೇಸರ, ಕೋಪ, ಒಂಟಿತನ ಬಂದಾಗ ಅದನ್ನು ಹಸಿವಿನಿಂದ ಬೇರ್ಪಡಿಸಲಾರದೆ ಫ್ರಿಜ್ಜಿನ ಮುಂದೆ ನಿಲ್ಲುತ್ತದೆ ಎಂದರು ಹಿಲ್ಡೆ.

ಇದು ಆಗ ಒಂದು ಊಹೆ. ಸುಂದರವಾದ ಊಹೆ, ಅಪಾಯಕಾರಿಯೂ ಹೌದು. ಅಪಾಯ ಏನೆಂದು ಮುಂದೆ ನೋಡೋಣ.

ಯುದ್ಧ ಮುಗಿದಾಗ

ಇದೆಲ್ಲ ನಡೆಯುತ್ತಿದ್ದಾಗ ಅತ್ತ ಯುರೋಪಿನಲ್ಲಿ ಅವರ ಬಂಧುಗಳಲ್ಲಿ ಹಲವರು ನಾಜಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಅಪ್ಪ ಅಮ್ಮನನ್ನು ಕಳೆದುಕೊಂಡ ಸೋದರನ ಮಗನೊಬ್ಬ ಉಳಿದಿದ್ದ. ಹಿಲ್ಡೆ ಅವನನ್ನು ಅಮೆರಿಕಕ್ಕೆ ಕರೆಸಿಕೊಂಡು ಮಗನಂತೆ ಸಾಕಿದರು. ಅವರು ಮದುವೆಯಾಗಿರಲಿಲ್ಲ. ಹೀಗೆ ತಾಯಂದಿರ ಬಗ್ಗೆ ಕಟುವಾಗಿ ಬರೆದ ಮಹಿಳೆ ಒಬ್ಬರೇ ನಿಂತು, ಎಲ್ಲ ಕಳೆದುಕೊಂಡ ಹುಡುಗನಿಗೆ ತಾಯಿಯಾದರು. 1952ರಲ್ಲಿ ಪೋಷಕರಿಗಾಗಿಯೇ ಒಂದು ಪುಸ್ತಕ ಬರೆದರು. ನಿಮ್ಮ ಮಗುವಿಗೆ ಹೆದರಬೇಡಿ ಎಂಬುದು ಅದರ ಹೆಸರಿನ ಅರ್ಥ. ತಜ್ಞರ ಮಾತು ಕೇಳಿ ಕೇಳಿ ಗಾಬರಿಯಾದ ಅಪ್ಪ ಅಮ್ಮಂದಿರಿಗೆ ಧೈರ್ಯ ತುಂಬುವ ಉದ್ದೇಶ ಅದರದು.

1957ರಲ್ಲಿ ಬಂದ ಅವರ ಬೊಜ್ಜಿನ ಪುಸ್ತಕ ಇವತ್ತು ಓದಿದರೂ ಹೊಸದೆನಿಸುವ ಒಂದು ಮಾತು ಹೇಳುತ್ತದೆ: ದಪ್ಪಗಿರುವವರೆಲ್ಲ ಒಂದೇ ಜಾತಿಯಲ್ಲ. ಕೆಲವರು ಹುಟ್ಟುಸ್ವಭಾವದಿಂದಲೇ ದಪ್ಪ, ಮನಸ್ಸು ನೆಮ್ಮದಿಯಾಗಿದೆ. ಕೆಲವರು ಸಾವು, ಅಗಲಿಕೆಯಂಥ ಪೆಟ್ಟು ಬಿದ್ದ ಮೇಲೆ ದಪ್ಪಗಾದವರು. ಇನ್ನು ಕೆಲವರಿಗೆ ಬಾಲ್ಯದಿಂದಲೂ ಊಟ ಮತ್ತು ಭಾವನೆ ಬಿಡಿಸಲಾಗದಂತೆ ಗಂಟುಬಿದ್ದಿರುತ್ತದೆ. ಎರಡನೆಯ, ಮೂರನೆಯ ಗುಂಪಿನವರಿಗೆ ಬರೀ ಡಯಟ್ ಚೀಟಿ ಕೊಟ್ಟು ತೂಕ ಇಳಿಸಿದರೆ ಒಳಗಿನ ನೋವು ಬೇರೆ ದಾರಿ ಹುಡುಕುತ್ತದೆ, ಖಿನ್ನತೆಗೂ ದೂಡಬಹುದು ಎಂದು ಎಚ್ಚರಿಸಿದರು.

ಮುಂದೊಂದು ಕಡೆ ತೆಳ್ಳಗಿರುವ ದಪ್ಪ ಜನರ ಬಗ್ಗೆಯೂ ಬರೆದರು. ವಿಚಿತ್ರ ಅನ್ನಿಸಿತೇ? ದೇಹದ ಸಹಜ ತೂಕಕ್ಕಿಂತ ಕೆಳಗೆ ಹಟಹಿಡಿದು ಇರುವವರು ಇವರು. ಕನ್ನಡಿಯಲ್ಲಿ ಸಪೂರ, ತಲೆಯೊಳಗೆ ದಿನವಿಡೀ ಬರೀ ಊಟ, ತೂಕ, ಕ್ಯಾಲರಿ. ತೂಕ ಇಳಿಸಿದ ಮುಂಚಿನ-ನಂತರದ ಫೋಟೋಗಳನ್ನು ಲೈಕ್ ಮಾಡುವಾಗ ಈ ಸಾಧ್ಯತೆಯೂ ನೆನಪಿನಲ್ಲಿರಲಿ.

ಊಟ ಬಿಟ್ಟ ಹುಡುಗಿಯರು

ದಪ್ಪ ಮಕ್ಕಳ ತಜ್ಞೆಯ ಬಳಿಗೆ ಮೂಳೆ ಚಕ್ಕಳವಾದ ಹುಡುಗಿಯರು ಬರತೊಡಗಿದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರನ್ನು ಲಂಡನ್ನಿನ ವೈದ್ಯ ವಿಲಿಯಂ ಗಲ್ 1870ರ ದಶಕದಲ್ಲೇ ಕೊಟ್ಟಿದ್ದರು. ಆದರೆ ಬಹುಪಾಲು ವೈದ್ಯರಿಗೆ ಅದು ಪುಸ್ತಕದ ಮೂಲೆಯ ಅಪರೂಪದ ಕಾಯಿಲೆ. ಹೆಸರಿನ ಅರ್ಥ ಹಸಿವಿಲ್ಲದಿರುವುದು. ಅದೂ ತಪ್ಪೇ. ಈ ಹುಡುಗಿಯರಿಗೆ ಹಸಿವು ಇರುತ್ತದೆ, ಅದರ ವಿರುದ್ಧ ಯುದ್ಧ ಹೂಡಿರುತ್ತಾರೆ.

1962ರ ಪ್ರಬಂಧದಲ್ಲಿ ಹಿಲ್ಡೆ ಮೂರು ಲಕ್ಷಣಗಳನ್ನು ಬಿಡಿಸಿಟ್ಟರು. ಮೊದಲನೆಯದು, ಎಲುಬು ಎಣಿಸುವಷ್ಟು ಸಣ್ಣಗಾಗಿದ್ದರೂ ತಾನು ಸರಿಯಾಗಿಯೇ ಇದ್ದೇನೆ, ಇನ್ನೂ ದಪ್ಪ ಇದ್ದೇನೆ ಎಂದು ನಿಜವಾಗಿಯೂ ಅನಿಸುವುದು. ನಾಟಕವಲ್ಲ, ಅವರಿಗೆ ಹಾಗೇ ಕಾಣುತ್ತದೆ. ಎರಡನೆಯದು, ಹಸಿವು, ದಣಿವು, ಚಳಿ, ಭಾವನೆ, ದೇಹದೊಳಗಿನಿಂದ ಬರುವ ಯಾವ ಸುದ್ದಿಯನ್ನೂ ಸರಿಯಾಗಿ ಓದಲಾಗದಿರುವುದು. ಮೂರನೆಯದೇ ಎಲ್ಲದರ ಬೇರು ಎಂದು ಅವರು ನಂಬಿದ್ದರು: ತನ್ನ ಬದುಕಿನಲ್ಲಿ ತನ್ನದೆಂಬುದು ಏನೂ ಇಲ್ಲ, ಎಲ್ಲವನ್ನೂ ಬೇರೆಯವರಿಗಾಗಿಯೇ ಮಾಡುತ್ತಿದ್ದೇನೆ ಎಂಬ ಆಳವಾದ ಅಸಹಾಯಕತೆ.

ಆ ಮೂರನೆಯದು ಮನೆಯವರಿಗೆ ನಂಬಲಿಕ್ಕೇ ಆಗುವುದಿಲ್ಲ. ಏಕೆಂದರೆ ಈ ಹುಡುಗಿಯರು ಹೆಚ್ಚಾಗಿ ಮನೆಯ ಬಂಗಾರಗಳು. ಹೇಳಿದ ಮಾತು ಕೇಳುವವರು, ತರಗತಿಗೆ ಮೊದಲಿಗರು, ಎದುರು ಮಾತಾಡದವರು. ಎಲ್ಲರ ನಿರೀಕ್ಷೆಯನ್ನೂ ಪೂರೈಸುತ್ತ ಬಂದವಳಿಗೆ ತನಗೇನು ಬೇಕೆಂದೇ ಗೊತ್ತಿರುವುದಿಲ್ಲ. ಯಾರೂ ಕೈಹಾಕಲಾಗದ ಒಂದೇ ಒಂದು ಜಾಗ ಅವಳಿಗೆ ಸಿಗುತ್ತದೆ, ಅವಳ ಬಾಯಿ. 1978ರ ಅವರ ಪುಸ್ತಕಕ್ಕೆ ಚಿನ್ನದ ಪಂಜರ ಎಂಬ ಹೆಸರು ಬಂದದ್ದು ರೋಗಿಯೊಬ್ಬಳು ತನ್ನನ್ನು ಸಿರಿಮನೆಯ ಪಂಜರದಲ್ಲಿ ಸಿಕ್ಕಿಕೊಂಡ ಗುಬ್ಬಿಗೆ ಹೋಲಿಸಿಕೊಂಡದ್ದರಿಂದ. ಸುಮಾರು 70 ರೋಗಿಗಳ ಅನುಭವದ ಮೇಲೆ ಸಾಮಾನ್ಯರಿಗೂ ಅರ್ಥವಾಗುವಂತೆ ಬರೆದ ಪುಟ್ಟ ಪುಸ್ತಕ ಅದು.

ಚಿಕಿತ್ಸೆಯ ವಿಷಯದಲ್ಲಿ ಅವರು ತಮ್ಮ ಗುರುಪರಂಪರೆಯನ್ನೇ ಎದುರುಹಾಕಿಕೊಂಡರು. ಮನೋವಿಶ್ಲೇಷಕರು ಸೋಫಾ ಮೇಲೆ ಮಲಗಿಸಿ, ನಿನ್ನ ಮನಸ್ಸಿನಲ್ಲಿರುವುದು ಇಂಥದ್ದು ಎಂದು ವ್ಯಾಖ್ಯಾನ ಹೇಳುತ್ತಿದ್ದರು. ನಿನಗೆ ಏನನಿಸುತ್ತದೆ ಎಂದು ಹುಟ್ಟಿದಾಗಿನಿಂದ ಬೇರೆಯವರೇ ಹೇಳಿಕೊಂಡು ಬಂದ ಹುಡುಗಿಗೆ ಡಾಕ್ಟರೂ ಅದನ್ನೇ ಮಾಡಿದರೆ ಗುಣವಾಗುವುದು ಹೇಗೆ? ಕಡಿಮೆ ಹೇಳಿ, ಹೆಚ್ಚು ಕೇಳಿ, ಅವಳ ಅನಿಸಿಕೆಗೆ ಅವಳೇ ಹೆಸರು ಕೊಡಲಿ ಎಂಬುದು ಹಿಲ್ಡೆಯ ದಾರಿ.

ಹಾಗಂತ ಮಾತೊಂದೇ ಸಾಕು ಎನ್ನಲಿಲ್ಲ. ಉಪವಾಸದಲ್ಲಿರುವ ಮಿದುಳಿನ ಜೊತೆ ಚಿಕಿತ್ಸೆ ನಡೆಯದು, ಮೊದಲು ತೂಕ ಅಪಾಯದ ಗೆರೆ ದಾಟಿ ಮೇಲೆ ಬರಬೇಕು ಎಂಬುದರಲ್ಲಿ ಅವರು ಕಟ್ಟುನಿಟ್ಟು. ಇದಕ್ಕೆ ಗಟ್ಟಿ ಆಧಾರವಿತ್ತು. 1944-45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದು, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದ್ದರು. ಯಾವ ಮನೋರೋಗವೂ ಇಲ್ಲದ ಆ ಗಂಡಸರು ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆಯಲ್ಲಿದ್ದದ್ದನ್ನು ಗಂಟೆಗಟ್ಟಲೆ ಕೆದಕಿ ತಿಂದರು, ಸಿಡುಕಿದರು, ಗೆಳೆಯರಿಂದ ದೂರವಾದರು. ಅಂದರೆ ಅನೊರೆಕ್ಸಿಯಾದ ಹುಡುಗಿಯ ಹಟ, ಮೌನ, ಊಟದ ಬಗೆಗಿನ ವಿಚಿತ್ರ ಆಚಾರಗಳಲ್ಲಿ ಒಂದು ಪಾಲು ಅವಳ ಸ್ವಭಾವವಲ್ಲ, ಹೊಟ್ಟೆಗಿಲ್ಲದ ಮಿದುಳಿನ ವರ್ತನೆ. ಬೈದು, ಹೊಡೆದು, ಪ್ರಮಾಣ ಮಾಡಿಸಿ ಅದನ್ನು ಸರಿಮಾಡಲಾಗದು.

ಮನೆಯಲ್ಲಿ ಗಮನಿಸಬೇಕಾದ್ದು: ತೂಕ ಇಳಿಯುತ್ತಲೇ ಇದೆ, ಮುಟ್ಟು ನಿಂತಿದೆ, ಬೇಸಿಗೆಯಲ್ಲೂ ಚಳಿ ಎನ್ನುತ್ತಾಳೆ, ಕೂದಲು ಉದುರುತ್ತಿದೆ, ಎಲ್ಲರಿಗೂ ಅಡುಗೆ ಮಾಡಿ ಬಡಿಸುತ್ತಾಳೆ, ತಾನು ಮಾತ್ರ ಆಗಲೇ ಊಟವಾಯಿತು ಎನ್ನುತ್ತಾಳೆ, ನಿಲ್ಲದೆ ನಡೆಯುತ್ತಾಳೆ. ಹುಡುಗರಿಗೂ ಇದು ಬರುತ್ತದೆ. ಮನೋರೋಗಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಇದೂ ಒಂದು, ಹೃದಯದ ಬಡಿತವೇ ಹದಗೆಡಬಹುದು. ಆದ್ದರಿಂದ ತಡಮಾಡದೆ ವೈದ್ಯರಿಗೆ ತೋರಿಸಿ. ಯಾರನ್ನು ಕೇಳುವುದೆಂದು ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಮ್ಮನ ಮೇಲಿನ ಆರೋಪ ಏನಾಯಿತು?

1964ರಲ್ಲಿ ಹಿಲ್ಡೆ ನ್ಯೂಯಾರ್ಕ್ ಬಿಟ್ಟು ಟೆಕ್ಸಾಸ್‌ನ ಹ್ಯೂಸ್ಟನ್‌ಗೆ ಹೋದರು, ಬೇಯ್ಲರ್ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯಕೀಯ ಪ್ರಾಧ್ಯಾಪಕಿಯಾಗಿ. 1973ರಲ್ಲಿ ಅವರ ದೊಡ್ಡ ಗ್ರಂಥ ಬಂತು. ಬೊಜ್ಜು ಮತ್ತು ಅನೊರೆಕ್ಸಿಯಾ ಎರಡನ್ನೂ ಒಂದೇ ಪುಸ್ತಕದಲ್ಲಿಟ್ಟು, ಒಳಗಿರುವ ವ್ಯಕ್ತಿ ಎಂಬ ಮಾತನ್ನು ಅದರ ಹೆಸರಿನಲ್ಲೇ ಸೇರಿಸಿದ್ದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಕಾಡಿತು. 1983ರ ಫೆಬ್ರವರಿಯಲ್ಲಿ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 32ನೇ ವಯಸ್ಸಿಗೇ ಅನೊರೆಕ್ಸಿಯಾದ ಪರಿಣಾಮದಿಂದ ತೀರಿಕೊಂಡಾಗ ಇಡೀ ಅಮೆರಿಕ ಬೆಚ್ಚಿತು. ಹಿಲ್ಡೆ ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದ ಕಾಯಿಲೆಯ ಹೆಸರು ಆಗ ಜನರ ಬಾಯಿಗೆ ಬಂತು. 1984ರ ಡಿಸೆಂಬರ್ 15ರಂದು ಹ್ಯೂಸ್ಟನ್‌ನಲ್ಲಿ ಅವರು ನಿಧನರಾದರು.

ಎರಡು ವರ್ಷವಾಗಿರಲಿಲ್ಲ, ಅವರ ವಾದದ ಒಂದು ಗೋಡೆ ಬಿತ್ತು. ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ಹಿಡಿದು ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯ ಮತ್ತು ಸಂಗಡಿಗರು ದತ್ತು ಹೋಗಿದ್ದ 540 ಜನರನ್ನು ಅಧ್ಯಯನ ಮಾಡಿದರು. ಮಕ್ಕಳು ದೊಡ್ಡವರಾದಾಗ ಅವರ ತೂಕ ಯಾರನ್ನು ಹೋಲುತ್ತಿತ್ತು? ಸಾಕಿ, ಉಣಿಸಿ, ಬೆಳೆಸಿದವರನ್ನಲ್ಲ, ಹೆತ್ತವರನ್ನು. 1986ರಲ್ಲಿ ಪ್ರಕಟವಾದ ಈ ಫಲಿತಾಂಶದ ಮುಂದೆ, ಅಮ್ಮ ತುತ್ತು ಕೊಟ್ಟ ರೀತಿಯೇ ಬೊಜ್ಜಿಗೆ ಮೂಲ ಎಂಬ ವಾದ ನಿಲ್ಲುವುದು ಕಷ್ಟವಾಯಿತು.

1994ರಲ್ಲಿ ಲೆಪ್ಟಿನ್ ಸಿಕ್ಕಿತು. ಕೊಬ್ಬಿನ ಕೋಶಗಳೇ ತಯಾರಿಸಿ, ದಾಸ್ತಾನು ಇಷ್ಟಿದೆ ಎಂದು ಮಿದುಳಿಗೆ ಸುದ್ದಿ ಕಳಿಸುವ ಹಾರ್ಮೋನ್ ಅದು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ವೈದ್ಯರು, ಲೆಪ್ಟಿನ್ ಒಂದಿಷ್ಟೂ ಆಗದ ಇಬ್ಬರು ಮಕ್ಕಳ ಬಗ್ಗೆ ಬರೆದರು. ಅವರ ಹಸಿವು ಎಷ್ಟು ತಿಂದರೂ ತಣಿಯುತ್ತಿರಲಿಲ್ಲ. ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಹತೋಟಿಗೆ ಬಂತು, ತೂಕ ಇಳಿಯಿತು. ನೋಡಿ, ಹಿಲ್ಡೆ ಮುಂಬಾಗಿಲಿನಿಂದ ಓಡಿಸಿದ ಹಾರ್ಮೋನ್ ಹಿತ್ತಿಲ ಬಾಗಿಲಿನಿಂದ ಬಂದೇ ಬಿಟ್ಟಿತು! ಆದರೆ ಇಂಥ ಮಕ್ಕಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಉಳಿದವರಲ್ಲಿ ನೂರಾರು ವಂಶವಾಹಿಗಳು ಒಂದೊಂದೂ ಸ್ವಲ್ಪ ಸ್ವಲ್ಪ ತಳ್ಳುತ್ತವೆ, ಸುತ್ತಲಿನ ಅಗ್ಗದ ಕರಿದ ತಿಂಡಿ ಮತ್ತು ಕೂತು ಮಾಡುವ ಕೆಲಸ ಉಳಿದದ್ದನ್ನು ಮಾಡುತ್ತವೆ. 2019ರ ದೊಡ್ಡ ಅಧ್ಯಯನವೊಂದು ಅನೊರೆಕ್ಸಿಯಾದ ಹಿಂದೆಯೂ ವಂಶವಾಹಿಗಳ ಗುರುತು ತೋರಿಸಿತು.

ಚಿಕಿತ್ಸೆಯೂ ತಿರುವು ತೆಗೆದುಕೊಂಡಿತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬ ಆಧಾರಿತ ಪದ್ಧತಿ ಅಪ್ಪ ಅಮ್ಮನನ್ನು ಆರೋಪಿಗಳ ಸ್ಥಾನದಿಂದ ಎಬ್ಬಿಸಿ ಚಿಕಿತ್ಸೆಯ ಮುಖ್ಯ ಕೈಗಳನ್ನಾಗಿ ಮಾಡಿಕೊಂಡಿತು. ಹದಿಹರೆಯದ ಮಕ್ಕಳ ಅನೊರೆಕ್ಸಿಯಾಕ್ಕೆ ಇವತ್ತು ಹೆಚ್ಚು ಆಧಾರ ಇರುವ ಚಿಕಿತ್ಸೆ ಅದೇ. ಮಗಳಿಗೆ ಕಾಯಿಲೆ ತಂದವಳು ಎಂಬ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡ ಎಷ್ಟೋ ತಾಯಂದಿರಿಗೆ ಈ ತಿರುವು ತಡವಾಗಿ ಬಂತು. ಇದರಲ್ಲಿ ಹಿಲ್ಡೆಯ ಬರಹದ ಪಾಲೂ ಇದೆ ಎಂದು ಹೇಳದೆ ಹೋದರೆ ಅವರ ಕಥೆ ಅರ್ಧ ಹೇಳಿದಂತೆ. ಬೇಬೀಸ್ ಹಾಸ್ಪಿಟಲ್‌ಗೆ ಬಂದ ಮಕ್ಕಳನ್ನು ಅಳೆದಷ್ಟು ನಿಷ್ಠುರವಾಗಿ ಅವರು ತಾಯಂದಿರ ಬಗೆಗಿನ ತಮ್ಮ ಊಹೆಯನ್ನು ಅಳೆಯಲಿಲ್ಲ. ದಪ್ಪ ಮಕ್ಕಳಿಲ್ಲದ ಮನೆಗಳ ತಾಯಂದಿರೂ ಹಾಗೇ ತಿನ್ನಿಸುತ್ತಿದ್ದರೇ? ಚಿಕಿತ್ಸೆಗೆ ಬಂದವರ ಮನೆಯನ್ನಷ್ಟೇ ನೋಡುತ್ತ ಕುಳಿತರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಉಳಿದದ್ದೂ ಇದೆ. ತನ್ನ ದೇಹವನ್ನು ಇದ್ದಂತೆ ಕಾಣಲಾಗದ ಸ್ಥಿತಿ ಇವತ್ತಿಗೂ ಅನೊರೆಕ್ಸಿಯಾ ಗುರುತಿಸುವ ಅಧಿಕೃತ ಮಾನದಂಡಗಳಲ್ಲಿದೆ. ಹಿಲ್ಡೆ ಬದುಕಿದ್ದಾಗಲೇ, 1983ರಲ್ಲಿ, ಕೆನಡಾದ ಸಂಶೋಧಕರು ಊಟದ ಮನೋರೋಗಗಳನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಅದರಲ್ಲಿ ಅಸಹಾಯಕತೆಗೊಂದು ವಿಭಾಗ, ದೇಹದೊಳಗಿನ ಸುದ್ದಿಯನ್ನು ಓದುವ ಶಕ್ತಿಗೆ ಇನ್ನೊಂದು, ಎರಡೂ ಹಿಲ್ಡೆಯ ವಿಚಾರದಿಂದಲೇ ಬಂದವು. ಅದರ ಪರಿಷ್ಕೃತ ರೂಪ ಈಗಲೂ ಬಳಕೆಯಲ್ಲಿದೆ. ಅಲ್ಲಿ ರೋಗಿಗೆ ಕೇಳುವ ಸಂಗತಿಗಳಲ್ಲಿ ಒಂದು, ತನಗೆ ಆಗುತ್ತಿರುವುದು ಹಸಿವೋ ಅಲ್ಲವೋ ಎಂಬ ಗೊಂದಲ ಎಷ್ಟು ಸಲ ಬರುತ್ತದೆ ಎಂಬುದು.